ಮನೆ ಮೊದಲು, ನಂಬರ್ ಆಮೇಲೆ

ಚಳಿಗಾಲ ಬಂತೆಂದರೆ ರಾಮನಗರದಿಂದ ಜೋಯಿಡಾಕ್ಕೆ ಬರುವ ರಸ್ತೆಯಲ್ಲಿ ಒಮ್ಮೊಮ್ಮೆ ಒಂದು ವಿಚಿತ್ರ ಗಾಡಿ ಕಾಣಿಸಿಕೊಳ್ಳುತ್ತದೆ. ಮುಂದಿನಿಂದ ನೋಡಿದರೆ ಹಳೇ ಮಿಲಿಟರಿ ಲಾರಿ. ಹಿಂದೆ ಕಿಟಕಿ, ಕಿಟಕಿಗೆ ಪರದೆ, ಹತ್ತಲು ಪುಟ್ಟ ಏಣಿ, ನೆತ್ತಿಯ ಮೇಲೆ ಸೋಲಾರ್ ಫಲಕ. ನಂಬರ್ ಪ್ಲೇಟು ಜರ್ಮನಿಯದೋ ಫ್ರಾನ್ಸಿನದೋ. ಗೋವಾ ಬಿಟ್ಟು ಹಂಪಿಗೋ ಗೋಕರ್ಣಕ್ಕೋ ಹೊರಟ ದಂಪತಿ ಚಹಾದಂಗಡಿ ಎದುರು ನಿಲ್ಲಿಸಿದರೆ ಸಾಕು, ಸುತ್ತ ಹತ್ತು ಮಂದಿ ಸೇರುತ್ತಾರೆ. ‘ಲೀಟರಿಗೆ ಎಷ್ಟ ಕೊಡ್ತದ?’, ‘ಒಳಗ ಸಂಡಾಸೂ ಐತೇನ?’ ಎಂದೆಲ್ಲ ವಿಚಾರಣೆ ನಡೆದ ಮೇಲೆ ಗುಂಪಿನಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ನಮ್ಮ ಪಿಕಪ್ ಮ್ಯಾಲ ಇಂಥಾದ್ದೊಂದ ಕಟ್ಟಿಸಿದ್ರ ಪಾಸಿಂಗ್ ಆಗ್ತದೇನ?’

ಈ ಪ್ರಶ್ನೆ ಕಡೆಗೆ ಹೋಗಿ ನಿಲ್ಲುವುದು ದಾಂಡೇಲಿಯ ಸಹಾಯಕ ಪ್ರಾದೇಶಿಕ ಸಾರಿಗೆ ಅಧಿಕಾರಿ ಕಚೇರಿಯಲ್ಲಿ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಗಾಡಿಗಳಿಗೆ ಕೆಎ-65 ಸಿಗುವುದು ಅಲ್ಲಿಂದ. ಕಾಗದ ಕಾರ್ಖಾನೆಗೆ ಕಟ್ಟಿಗೆ ತರುವ ಲಾರಿ, ಕಬ್ಬು ಹೇರುವ ಟ್ರ್ಯಾಕ್ಟರ್, ಪ್ರವಾಸಿಗರನ್ನು ಹೊತ್ತು ತಿರುಗುವ ಜೀಪು ಇವೆಲ್ಲ ಇಲ್ಲಿಗೆ ಹಳೇ ಪರಿಚಯ. ಗಾಲಿ ಮೇಲಿನ ಮನೆ ಮಾತ್ರ ಇನ್ನೂ ಅಪರೂಪದ ಅತಿಥಿ. ರಾಫ್ಟಿಂಗು, ಹೋಮ್‌ಸ್ಟೇ ಎಂದು ಕಾಳಿ ನದಿಯ ಆಸುಪಾಸು ಬದುಕು ಕಟ್ಟಿಕೊಂಡವರಿಗೆ, ನಿವೃತ್ತಿಯಾದ ಮೇಲೆ ದೇಶ ಸುತ್ತಬೇಕೆಂದು ಲೆಕ್ಕ ಹಾಕುವವರಿಗೆ ಈ ಆಸೆ ಹುಟ್ಟುವುದು ಸಹಜವೇ.

ಪಾಸಿಂಗ್ ಆಗುತ್ತದೆಯೇ? ಆಗುತ್ತದೆ, ಆದರೆ ಹೆಚ್ಚಿನವರು ಅಂದುಕೊಂಡ ದಾರಿಯಲ್ಲಿ ಅಲ್ಲ. ಮೊದಲು ಗಾಡಿ ಕೊಂಡು, ನಂಬರ್ ಹಾಕಿಸಿ, ಕೈಯಲ್ಲಿ ನಾಲ್ಕು ಕಾಸು ಆಡಿದಾಗ ಹಿಂದೆ ಮನೆ ಕಟ್ಟಿಸಿದರಾಯಿತು ಎಂಬ ಲೆಕ್ಕ ನಮ್ಮ ಕಾನೂನಿನಲ್ಲಿ ಕೂಡುವುದಿಲ್ಲ. ಅಲ್ಲಿ ಮನೆ ಮೊದಲು, ನಂಬರ್ ಆಮೇಲೆ.

ಹೊರೆಯೋ, ವಾಹನವೋ?

ಚಹಾದಂಗಡಿ ಎದುರಿನ ಗುಂಪು ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಹೆಚ್ಚಾಗಿ ಇಂಥದ್ದು: ಪಿಕಪ್ಪಿನ ಹಿಂಬದಿಯ ತೊಟ್ಟಿಯೊಳಗೆ ಕೂರುವ ಒಂದು ಪೆಟ್ಟಿಗೆ. ಅದರಲ್ಲಿ ಹಾಸಿಗೆ, ಒಲೆ, ನೀರಿನ ಟಾಕಿ. ನಾಲ್ಕು ಮೂಲೆಗೆ ನಾಲ್ಕು ಜಾಕ್ ಕೊಟ್ಟರೆ ಪೆಟ್ಟಿಗೆ ಮೇಲೇಳುತ್ತದೆ, ಅಡಿಯಿಂದ ಪಿಕಪ್ಪು ಹೊರಗೆ ಬರುತ್ತದೆ. ವಾರದ ದಿನ ಸಾಮಾನು ಹೇರಲಿಕ್ಕೆ, ರಜೆ ಬಂದರೆ ತಿರುಗಲಿಕ್ಕೆ. ಅಮೆರಿಕದ ರಸ್ತೆಗಳಲ್ಲಿ ಇವು ಮಾಮೂಲಿ. ಅಲ್ಲಿನ ಅನೇಕ ರಾಜ್ಯಗಳು ಇದನ್ನು ವಾಹನವೆಂದೇ ಪರಿಗಣಿಸುವುದಿಲ್ಲ. ಪಿಕಪ್ಪು ಹೊತ್ತ ಹೊರೆ, ಅಷ್ಟೆ. ಇಳಿಸಬಹುದಾದ ಕ್ಯಾಬಿನ್ನನ್ನು ಜರ್ಮನಿಯಲ್ಲೂ ಸರಕಿನ ಲೆಕ್ಕಕ್ಕೆ ಹಾಕುವುದುಂಟು.

ನಮ್ಮಲ್ಲಿ ಇಳಿಸಿ-ಏರಿಸುವ ಪೆಟ್ಟಿಗೆಗೆಂದು ಪ್ರತ್ಯೇಕ ವರ್ಗವಿಲ್ಲ. ‘ಮೋಟಾರ್ ಕ್ಯಾರವಾನ್’ ಎಂಬ ವರ್ಗವಿದೆ. ಅದಕ್ಕೆ ಎಐಎಸ್-124 ಎಂಬ ವಾಹನೋದ್ಯಮ ಮಾನದಂಡವೂ ಇದೆ. ಒಂದು ಗಾಡಿ ಕ್ಯಾರವಾನ್ ಅನ್ನಿಸಿಕೊಳ್ಳಬೇಕಾದರೆ ಅದರ ವಾಸದ ಭಾಗದಲ್ಲಿ ಕನಿಷ್ಠ ಇಷ್ಟಿರಬೇಕು: ಕೂರಲು ಆಸನ ಮತ್ತು ಮೇಜು, ಮಲಗಲು ಜಾಗ (ಆಸನವನ್ನೇ ಬಿಡಿಸಿ ಹಾಸಿಗೆ ಮಾಡಿಕೊಂಡರೂ ಸರಿ), ಅಡುಗೆಯ ವ್ಯವಸ್ಥೆ, ಸಾಮಾನಿಡುವ ಕಪಾಟು. ಇವೆಲ್ಲ ಗಾಡಿಗೆ ಭದ್ರವಾಗಿ ಕೂತಿರಬೇಕು. ಕಳಚಿಡಲು ವಿನಾಯಿತಿ ಇರುವುದು ಮೇಜಿಗೆ ಮಾತ್ರ.

‘ಭದ್ರವಾಗಿ’ ಎಂಬ ಆ ಷರತ್ತಿನಲ್ಲೇ ಎಲ್ಲವೂ ಅಡಗಿದೆ. ನಾಲ್ಕು ಬೋಲ್ಟು ಬಿಚ್ಚಿದರೆ ಇಳಿದುಬಿಡುವ ಪೆಟ್ಟಿಗೆ ಹೊತ್ತ ಪಿಕಪ್ಪು, ಕಾಗದದ ಮೇಲೆ ಪಿಕಪ್ಪಾಗಿಯೇ ಉಳಿಯುತ್ತದೆ. ಪೆಟ್ಟಿಗೆ ಅದರ ಹೊರೆ. ಗಾಡಿ ಓಡುವಾಗ ಅದರೊಳಗೆ ಮಕ್ಕಳನ್ನು ಮಲಗಿಸಿಕೊಂಡು ಹೋದಿರೋ, ಸರಕು ಗಾಡಿಯ ಹಿಂದೆ ಜನ ಹೇರಿದ ಲೆಕ್ಕ. ಹೊರೆ ಅಂದ ಮೇಲೆ ತೂಕ, ಅಗಲ, ಹಿಂದಕ್ಕೆ ಚಾಚಿದ ಭಾಗ ಎಲ್ಲಕ್ಕೂ ಮಿತಿ ಇದ್ದೇ ಇದೆ. ಅಂದಹಾಗೆ, ಹಳಿಯಾಳದ ಸಂತೆಯ ದಿನ ಸಾಲಾಗಿ ನಿಲ್ಲುವ ‘ಬೊಲೆರೊ ಕ್ಯಾಂಪರ್’ಗಳಿಗೂ ಈ ಕಥೆಗೂ ಸಂಬಂಧವಿಲ್ಲ. ಅವು ಎರಡು ಸಾಲು ಸೀಟಿನ ಸರಕು ಗಾಡಿಗಳು.

ಸಾರಿಗೆ ಕಚೇರಿಯ ‘ವಾಹನ್’ ತಂತ್ರಾಂಶದಿಂದ ಬರುವ ಆರ್‌ಸಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ವಾಹನದ ವರ್ಗ, ಬಾಡಿಯ ಬಗೆ, ಖಾಲಿ ತೂಕ, ಒಟ್ಟು ತೂಕ ಎಂಬ ಕಲಂಗಳ ಜತೆಗೆ ಕೂರುವವರೆಷ್ಟು, ನಿಲ್ಲುವವರೆಷ್ಟು, ಮಲಗುವವರೆಷ್ಟು ಎಂಬ ಕಲಂಗಳೂ ಇವೆ. ಪಿಕಪ್ಪಿನ ಆರ್‌ಸಿಯಲ್ಲಿ ಈ ಕೊನೆಯದು ಸೊನ್ನೆ. ಗಾಡಿಯನ್ನು ಮನೆಯೆಂದು ನೋಂದಾಯಿಸುವುದು ಎಂದರೆ, ಉಳಿದ ಕಲಂಗಳ ಸಮೇತ ಆ ಸೊನ್ನೆಯನ್ನು ಕಾನೂನುಬದ್ಧವಾಗಿ ಎರಡೋ ನಾಲ್ಕೋ ಮಾಡಿಸುವುದು.

ಕಲಂ 52ರ ಗೋಡೆ

ನಂಬರ್ ಬಿದ್ದ ಗಾಡಿಯಲ್ಲಿ ಆ ಸೊನ್ನೆ ಅಳಿಸುವುದು ಯಾಕೆ ಕಷ್ಟ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ತಯಾರಕರು ಮೂಲದಲ್ಲಿ ನಮೂದಿಸಿದ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ತಾಳೆ ತಪ್ಪುವಂತೆ ಮಾಲೀಕರು ವಾಹನವನ್ನು ಬದಲಿಸಕೂಡದು ಎನ್ನುತ್ತದೆ ಅದು. ಈ ಬಿಗಿ ಬಂದದ್ದು 2000ದ ತಿದ್ದುಪಡಿಯಿಂದ. ಅದಕ್ಕೂ ಮುಂಚೆ ಕಚೇರಿಯ ಅನುಮತಿ ಪಡೆದು ಸಾಕಷ್ಟು ಮಾರ್ಪಾಡು ಮಾಡಿಸಿಕೊಳ್ಳಬಹುದಿತ್ತು. ಈಗ ಗ್ಯಾಸ್ ಕಿಟ್ ಹಾಕಿಸುವುದು, ಅಂಗವಿಕಲರ ಬಳಕೆಗೆ ಹೊಂದಿಸಿಕೊಳ್ಳುವುದು ಮೊದಲಾದ ಕೆಲವಕ್ಕಷ್ಟೇ ಬಾಗಿಲು ತೆರೆದಿದೆ.

ಆಮೇಲೂ ಕೆಲವು ಕಡೆ ಸಡಿಲಿಕೆ ಇತ್ತು. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಅದಕ್ಕೂ ತೆರೆ ಎಳೆಯಿತು: ತಯಾರಕರ ಮೂಲ ವಿವರಣೆಗೆ ವ್ಯತಿರಿಕ್ತವಾದ ಮಾರ್ಪಾಡನ್ನು ನೋಂದಣಿ ಅಧಿಕಾರಿ ಒಪ್ಪುವಂತಿಲ್ಲ. ಅದೇ ವರ್ಷದ ತಿದ್ದುಪಡಿ ಕಾಯ್ದೆ ದಂಡವನ್ನೂ ಏರಿಸಿತು. ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ‘ಒಂದೊಂದಕ್ಕೂ’ ಎಂಬುದನ್ನು ಗಮನಿಸಬೇಕು. ಮಾಡು ಎತ್ತರಿಸಿದ್ದು ಒಂದು, ಸೀಟು ಕಿತ್ತದ್ದು ಇನ್ನೊಂದು.

ಇದು ಬರೀ ಪುಸ್ತಕದಲ್ಲಿರುವ ಮಾತಲ್ಲ. 2021ರ ಆಗಸ್ಟ್‌ನಲ್ಲಿ ಕಣ್ಣೂರಿನ ಮೋಟಾರು ವಾಹನ ಇಲಾಖೆ ‘ಇ ಬುಲ್ ಜೆಟ್’ ಎಂಬ ಯೂಟ್ಯೂಬ್ ಚಾನೆಲ್ಲಿನ ಸಹೋದರರ ಕ್ಯಾಂಪರ್ ವ್ಯಾನನ್ನು ಜಪ್ತಿ ಮಾಡಿತು. ಅಕ್ರಮ ಮಾರ್ಪಾಡು, ತೆರಿಗೆ ಬಾಕಿ ಎಂಬುದು ಇಲಾಖೆಯ ವಾದ. ಕಚೇರಿಯಲ್ಲಿ ಗಲಾಟೆಯಾಗಿ ಸಹೋದರರ ಬಂಧನವಾಯಿತು, ಗಾಡಿಯ ನೋಂದಣಿ ಅಮಾನತಾಯಿತು, ಅಭಿಮಾನಿಗಳು ಜಾಲತಾಣಗಳಲ್ಲಿ ಕೂಗೆಬ್ಬಿಸಿದರು. ಆ ಕೂಗಿಗೆ ಗಾಡಿ ಮಾತ್ರ ಹೊರಬರಲಿಲ್ಲ. ಲಕ್ಷಾಂತರ ಜನ ನೋಡಿ ಮೆಚ್ಚಿದ ವ್ಯಾನು ಬ್ರೇಕ್ ಇನ್‌ಸ್ಪೆಕ್ಟರ ಕಣ್ಣಿಗೆ ಆರ್‌ಸಿಗೆ ಹೊಂದದ ಗಾಡಿ, ಅಷ್ಟೇ.

ದಂಡಕ್ಕಿಂತ ದೊಡ್ಡ ಹೊಡೆತ ವಿಮೆಯದು. ಆರ್‌ಸಿಯಲ್ಲಿ ಇಲ್ಲದ ಮನೆಗೆ ವಿಮೆಯೂ ಇರುವುದಿಲ್ಲ. ವೈರಿಂಗ್ ಸುಟ್ಟು ಬೆಂಕಿ ಹೊತ್ತಿಕೊಂಡರೆ ಕಂಪನಿಯ ಸರ್ವೇಯರ್ ಮೊದಲು ತೆಗೆಯುವುದು ಆರ್‌ಸಿಯನ್ನೇ.

ಚಾಸಿಯಿಂದ ಶುರು

ಹಾಗಾದರೆ ನೇರ ದಾರಿ ಯಾವುದು? ಲಾರಿ ಮಾಲೀಕರಿಗೆ ಇದು ಹೊಸದಲ್ಲ. ಲಾರಿ, ಬಸ್ಸುಗಳನ್ನು ಕಂಪನಿಯವರು ಚಾಸಿಯಾಗಿಯೇ ಮಾರುತ್ತಾರೆ. ಎಂಜಿನ್, ಗಾಲಿ, ಸ್ಟೇರಿಂಗ್ ಇರುವ ಆ ಅಸ್ಥಿಪಂಜರವನ್ನು ತಾತ್ಕಾಲಿಕ ನೋಂದಣಿಯಲ್ಲಿ ಬಾಡಿ ಕಟ್ಟುವವರ ಬಳಿ ಒಯ್ದು, ಬಾಡಿ ಎದ್ದು ನಿಂತ ಮೇಲೆ ಪಕ್ಕಾ ನೋಂದಣಿಗೆ ತರುತ್ತಾರೆ. ಕ್ಯಾರವಾನ್‌ಗೂ ಇದೇ ರಾಜಮಾರ್ಗ. ಗಾಡಿಗೆ ಶಾಶ್ವತ ನಂಬರ್ ಬೀಳುವ ಮುನ್ನವೇ ಮನೆ ಕಟ್ಟಿರುವುದರಿಂದ ಕಲಂ 52ರ ಮಾತೇ ಏಳುವುದಿಲ್ಲ. ಬದಲಿಸಿದ್ದೇನೂ ಇಲ್ಲವಲ್ಲ, ಹುಟ್ಟಿದ್ದೇ ಹಾಗೆ!

ಇಲ್ಲಿ ಮುಖ್ಯವಾದ ಕಾಗದ ನಮೂನೆ 22-ಎ. ಅದರ ಮೊದಲ ಭಾಗಕ್ಕೆ ಚಾಸಿ ತಯಾರಕರು ಸಹಿ ಹಾಕುತ್ತಾರೆ, ಎರಡನೆಯದಕ್ಕೆ ಬಾಡಿ ಕಟ್ಟಿದವರು. ನಿಯಮದ ಪ್ರಕಾರವೇ ಕಟ್ಟಿದ್ದೇವೆ ಎಂಬ ಹೊಣೆ ಆ ಸಹಿಯಲ್ಲಿದೆ. ಹಾಗೆ ಸಹಿ ಹಾಕಬೇಕಾದರೆ ಆ ಮಾದರಿ ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಪರೀಕ್ಷಾ ಸಂಸ್ಥೆಯಲ್ಲಿ ಪಾಸಾಗಿರಬೇಕು. ಆಸನ ಮತ್ತು ಬೆಲ್ಟು ಹಿಡಿದು ನಿಲ್ಲುವವೇ, ತುರ್ತು ಬಾಗಿಲಿದೆಯೇ, ಗ್ಯಾಸ್ ಮತ್ತು ಕರೆಂಟಿನ ಜೋಡಣೆ ಸುರಕ್ಷಿತವೇ ಎಂದೆಲ್ಲ ಅಲ್ಲಿ ನೋಡುತ್ತಾರೆ. ಆ ಪ್ರಮಾಣಪತ್ರ, ನಮೂನೆ 20ರ ಅರ್ಜಿ, ಮಾರಾಟ ಪತ್ರ, ವಿಮೆ ಇವಿಷ್ಟು ಹಿಡಿದು ಗಾಡಿಯನ್ನು ಇನ್‌ಸ್ಪೆಕ್ಟರ ಮುಂದೆ ನಿಲ್ಲಿಸಿದರೆ, ತಂತ್ರಾಂಶದ ಪಟ್ಟಿಯಲ್ಲಿ ‘ಮೋಟಾರ್ ಕ್ಯಾರವಾನ್’ ಅಥವಾ ‘ಕ್ಯಾಂಪರ್ ವ್ಯಾನ್’ ಎಂಬ ಸಾಲು ಆರಿಸಲು ಅವರಿಗೆ ತೊಡಕಿಲ್ಲ.

ತೊಡಕಿರುವುದು ಬೇರೆ ಕಡೆ. ಹುಬ್ಬಳ್ಳಿಯಲ್ಲೋ ಹಳಿಯಾಳದಲ್ಲೋ ಲಾರಿ ಬಾಡಿ ಕಟ್ಟುವ ಮೇಸ್ತ್ರಿಗಳ ಕೈಕೆಲಸಕ್ಕೆ ಏನೂ ಕೊರತೆಯಿಲ್ಲ. ಸಾಗುವಾನಿ ನಾಡಿನ ಬಡಗಿಗಳು ಆರಡಿ ಜಾಗದಲ್ಲಿ ಹಾಸಿಗೆ, ಕಪಾಟು, ಅಡುಗೆಕಟ್ಟೆ ಕೂರಿಸಿಕೊಡಬಲ್ಲರು. ಆದರೆ ಕ್ಯಾರವಾನ್ ಮಾದರಿಯ ಮಾನ್ಯತೆ ಅವರ ಬಳಿ ಇರುವುದಿಲ್ಲ. ಒಂದೇ ಒಂದು ಗಾಡಿಗಾಗಿ ಪರೀಕ್ಷಾ ಸಂಸ್ಥೆಯ ಮೆಟ್ಟಿಲು ಹತ್ತುವುದು ಯಾರಿಗೂ ಗಿಟ್ಟುವ ಕೆಲಸವಲ್ಲ. ಒಂದೇ ಮಾದರಿಯಲ್ಲಿ ಹಲವು ಗಾಡಿ ಕಟ್ಟುವ ಕಂಪನಿಗಳಿಗೆ ಹೊಂದುವ ವ್ಯವಸ್ಥೆ ಇದು. ಬೆಂಗಳೂರಿನ ಲಕ್ಸ್‌ಕ್ಯಾಂಪರ್ ಭಾರತ್‌ಬೆಂಜ್ ಚಾಸಿಯ ಮೇಲೆ ಕಟ್ಟಿದ ಕ್ಯಾರವಾನ್‌ಗಳನ್ನು ಬಾಡಿಗೆಗೆ ಓಡಿಸುತ್ತಿದೆ. ಮಧ್ಯಪ್ರದೇಶದ ಪೀಥಂಪುರದ ಪಿನಾಕಲ್, ಪಂಜಾಬಿನ ಜೆಸಿಬಿಎಲ್ ಕಟ್ಟಿ ಮಾರುತ್ತವೆ. ಸುರಕ್ಷತೆಯ ನಿಯಮ ಸಡಿಲಿಸಿ ಎಂದು ಯಾರೂ ಹೇಳಲಾರರು. ಆದರೆ ಒಂಟಿ ಗಾಡಿ ಕಟ್ಟಿಸುವವರಿಗೂ ಕೈಗೆಟಕುವ ತಪಾಸಣೆಯ ದಾರಿ ಇರಬೇಕಿತ್ತು. ಬ್ರಿಟನ್ನಿನಲ್ಲಿ ಮನೆಯ ಅಂಗಳದಲ್ಲೇ ವ್ಯಾನು ಮಾರ್ಪಡಿಸಿ, ಒಳಗಿನ ವ್ಯವಸ್ಥೆಯ ಫೋಟೊ ಸಮೇತ ವಾಹನ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಅಲ್ಲೂ ಹೊರಗಿನಿಂದ ನೋಡಿದರೆ ಮನೆಯಂತೆ ಕಾಣಬೇಕೆಂದು 2019ರಿಂದ ಬಿಗಿ ಮಾಡಿದ್ದಾರೆ. ಕಿಟಕಿ, ಎತ್ತರದ ಮಾಡು, ಚಪ್ಪರದ ಪಟ್ಟಿ ಇಲ್ಲದಿದ್ದರೆ ಆರ್‌ಸಿಯಲ್ಲಿ ಅದು ವ್ಯಾನೇ.

ಆದ್ದರಿಂದ ಗ್ಯಾರೇಜಿಗೆ ಮುಂಗಡ ಕೊಡುವ ಮುನ್ನ ಕೇಳಬೇಕಾದ್ದು ಒಂದೇ ಮಾತು: ‘ಈ ಮಾದರಿಗೆ ನಿಮ್ಮ ಹೆಸರಿನಲ್ಲಿ ಮಾನ್ಯತೆ ಇದೆಯೇ, 22-ಎ ಕೊಡುತ್ತೀರಾ?’ ‘ಅದನ್ನೆಲ್ಲಾ ಏಜೆಂಟ್ ನೋಡ್ಕೊಂತಾನ್ರಿ’ ಎಂಬ ಉತ್ತರ ಬಂದರೆ ಚಹಾ ಕುಡಿದು ಎದ್ದು ಬರುವುದು ಮೇಲು.

ಬಿಳಿ ಬೋರ್ಡು, ಹಳದಿ ಬೋರ್ಡು

ಮನೆ ನಿಮ್ಮ ಸ್ವಂತಕ್ಕೋ ಬಾಡಿಗೆಗೋ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಕೇಂದ್ರ ಸರ್ಕಾರ 2004ರ ನವೆಂಬರ್ 5ರಂದು ಹೊರಡಿಸಿದ ಅಧಿಸೂಚನೆಯಲ್ಲಿ ಕ್ಯಾಂಪರ್ ವ್ಯಾನ್ ಎರಡೂ ಪಟ್ಟಿಯಲ್ಲಿದೆ. ಸುಮ್ಮನೆ ಕ್ಯಾಂಪರ್ ವ್ಯಾನ್ ಎಂದರೆ ಸಾರಿಗೆ ವಾಹನ, ‘ಖಾಸಗಿ ಬಳಕೆಗೆ’ ಎಂದಿದ್ದರೆ ಸಾರಿಗೆಯೇತರ ವಾಹನ. ಮೊದಲನೆಯದಕ್ಕೆ ಹಳದಿ ಬೋರ್ಡು, ಪರ್ಮಿಟ್ಟು, ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಮತ್ತು ಆಮೇಲೆ ವರ್ಷವರ್ಷವೂ ಎಫ್‌ಸಿ. ಎರಡನೆಯದಕ್ಕೆ ಬಿಳಿ ಬೋರ್ಡು, ಹದಿನೈದು ವರ್ಷದ ನೋಂದಣಿ.

ಹೋಮ್‌ಸ್ಟೇ ನಡೆಸುವವರು ಎಡವುವುದು ಇಲ್ಲಿಯೇ. ಬಿಳಿ ಬೋರ್ಡಿನಲ್ಲಿ ಪಾಸಿಂಗ್ ಮಾಡಿಸಿ ವಾರಾಂತ್ಯಕ್ಕೆ ಅತಿಥಿಗಳಿಗೆ ಕೊಟ್ಟರೆ, ಬಿಳಿ ಬೋರ್ಡಿನ ಜೀಪಿನಲ್ಲಿ ಪ್ರವಾಸಿಗರನ್ನು ಕರೆದೊಯ್ದು ಸಿಕ್ಕಿಬಿದ್ದವರ ಪಾಡೇ ಇವರದೂ.

ತೆರಿಗೆಯಲ್ಲೂ ಯಾವ ಸಾಲಿಗೆ ಬೀಳುತ್ತೀರಿ ಎಂಬುದರಿಂದ ಲಕ್ಷಗಳ ಅಂತರವಾಗುತ್ತದೆ. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ಮೀರಿದ ಕಾರಿಗೆ ಜೀವಾವಧಿ ತೆರಿಗೆ ಶೇ 18, ಮೇಲೆ ಉಪಕರ ಬೇರೆ. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದ ಮೇಲೆ, ಪ್ರತಿ ಚದರ ಮೀಟರಿಗೆ 1,000 ರೂಪಾಯಿ ಇದ್ದ ತೆರಿಗೆಯನ್ನು 500ಕ್ಕೆ ಇಳಿಸಿತು. ಹಾಗೆಂದು ಪಕ್ಕದ ರಾಜ್ಯದಲ್ಲಿ ನಂಬರ್ ಹಾಕಿಸಿ ಜೋಯಿಡಾದಲ್ಲಿ ನಿಲ್ಲಿಸಿಕೊಳ್ಳುವ ಉಪಾಯ ಬಹಳ ದಿನ ನಡೆಯದು. ಹನ್ನೆರಡು ತಿಂಗಳು ಮೀರಿ ಇನ್ನೊಂದು ರಾಜ್ಯದಲ್ಲಿ ಉಳಿದ ಗಾಡಿಗೆ ಅಲ್ಲಿನ ನಂಬರ್ ಮಾಡಿಸಲೇಬೇಕು.

ಲೈಸೆನ್ಸಿನ ಗೊಂದಲ ಈಗ ಬಹುಪಾಲು ತೀರಿದೆ. ಒಟ್ಟು ತೂಕ 7,500 ಕಿಲೊ ಒಳಗಿನ ಸಾರಿಗೆ ವಾಹನವನ್ನು ಸಾಮಾನ್ಯ ಎಲ್‌ಎಂವಿ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿದೆ. ಅದಕ್ಕಿಂತ ಭಾರದ ಲಾರಿ ಚಾಸಿಯ ಮೇಲೆ ಕಟ್ಟಿಸಿದರೆ ಹೆವಿ ಲೈಸೆನ್ಸ್ ಬೇಕು.

ಇನ್ನು ಆ ಜರ್ಮನ್ ಲಾರಿ ಯಾವ ಪಾಸಿಂಗ್ ಮಾಡಿಸಿಕೊಂಡು ಓಡಾಡುತ್ತದೆ? ನಮ್ಮದ್ಯಾವುದೂ ಅಲ್ಲ. ಅದು ತನ್ನ ದೇಶದ ನೋಂದಣಿಯಲ್ಲೇ, ‘ಕಾರ್ನೆ’ ಎಂಬ ಕಸ್ಟಮ್ಸ್ ದಾಖಲೆ ಹಿಡಿದು ಬಂದ ಅತಿಥಿ. ಇಂಥ ಗಾಡಿಗಳಿಗೆಂದೇ ಕೇಂದ್ರ 2022ರಲ್ಲಿ ನಿಯಮ ಮಾಡಿದೆ. ಅವಧಿ ಮುಗಿದ ಮೇಲೆ ಗಾಡಿ ದೇಶ ಬಿಡಬೇಕು. ಅದನ್ನು ತೋರಿಸಿ ‘ಅವರಿಗೆ ಹೆಂಗ್ ಬಿಟ್ರಿ?’ ಎಂದು ವಾದಿಸಿ ಫಲವಿಲ್ಲ.

ಅಣಶಿ ಘಾಟಿನ ತೂಕ

ಕಾನೂನು ಇಷ್ಟು ಕಠಿಣವಾಗಿ ಯಾಕಿದೆ ಎಂದು ಗೊಣಗುವವರು ಒಮ್ಮೆ ತೂಕದ ಲೆಕ್ಕ ಹಾಕಬೇಕು. ನೂರು ಲೀಟರ್ ನೀರು ಎಂದರೆ ನೂರು ಕಿಲೊ. ತುಂಬಿದ ಮನೆ ಗ್ಯಾಸ್ ಸಿಲಿಂಡರ್ ಸುಮಾರು ಮೂವತ್ತು. ಮುಕ್ಕಾಲಿಂಚು ದಪ್ಪದ ಎಂಟಡಿ-ನಾಲ್ಕಡಿ ಪ್ಲೈವುಡ್ ಹಾಳೆ ಒಂದೊಂದೂ ಮೂವತ್ತರ ಆಸುಪಾಸು, ಅಂಥವು ಹತ್ತಾದರೂ ಬೇಕು. ಇನ್ವರ್ಟರ್ ಬ್ಯಾಟರಿ ಐವತ್ತು. ಫ್ರಿಡ್ಜು, ಹಾಸಿಗೆ, ಪಾತ್ರೆಪಗಡೆ, ಕಬ್ಬಿಣದ ಚೌಕಟ್ಟು ಬೇರೆ. ಸರಕಿನ ಪಿಕಪ್ಪು ಇದನ್ನು ಹೊತ್ತೀತು. ಸ್ವಂತ ಬಳಕೆಗೆಂದು ಮಾರುವ ಡಬಲ್ ಕ್ಯಾಬಿನ್ ಪಿಕಪ್ಪುಗಳು ನೋಡಲು ದೈತ್ಯವಾದರೂ ಹೊರುವ ಶಕ್ತಿಯಲ್ಲಿ ಬಡವು. ಐದು ಜನ ಹತ್ತಿದರೆ ಅವುಗಳ ಪಾಲಿನ ತೂಕದಲ್ಲಿ ದೊಡ್ಡ ಭಾಗ ಅಲ್ಲಿಗೇ ಮುಗಿಯುತ್ತದೆ.

ಇಷ್ಟು ಭಾರವೂ ಎಲ್ಲಿ ಕೂತಿದೆ ಎಂಬುದು ಇನ್ನೂ ಮುಖ್ಯ. ಮಾಡಿನ ಮೇಲೆ ಸೋಲಾರ್, ಎದೆಮಟ್ಟದಲ್ಲಿ ಕಪಾಟು, ಒಂದು ಪಕ್ಕಕ್ಕೆ ನೀರಿನ ಟಾಕಿ ಎಂದಾದರೆ ಗಾಡಿಯ ಗುರುತ್ವ ಕೇಂದ್ರ ಮೇಲೇರುತ್ತದೆ. ಅಣಶಿಯಿಂದ ಕದ್ರಾದ ಕಡೆಗೆ ಇಳಿಯುವ ಘಾಟಿನ ತಿರುವುಗಳಲ್ಲಿ ಅರ್ಧ ತುಂಬಿದ ಟಾಕಿಯ ನೀರು ತಿರುವಿನ ಹೊರಮಗ್ಗುಲಿಗೆ ನುಗ್ಗುವುದೂ ಬ್ರೇಕು ಕಾಯುವುದೂ ಒಟ್ಟಿಗೇ ಆಗುತ್ತವೆ. ನಿಯಮದಲ್ಲಿ ವಾಹನದ ಅಗಲಕ್ಕೆ 2.6 ಮೀಟರ್ ಮಿತಿ. ಎದುರಿನಿಂದ ಬಸ್ಸು ಬಂದಾಗ ಅಷ್ಟು ಅಗಲವೂ ಅಲ್ಲಿ ಹೆಚ್ಚೆನಿಸುತ್ತದೆ.

ನಿಲ್ಲಿಸುವುದೆಲ್ಲಿ?

ಎಲ್ಲ ಕಾಗದವೂ ಸರಿಯಾಯಿತು ಅನ್ನಿ. ಆರ್‌ಸಿ ಕೊಡುವುದು ರಸ್ತೆಯಲ್ಲಿ ಓಡುವ ಹಕ್ಕನ್ನು. ಎಲ್ಲೆಂದರಲ್ಲಿ ರಾತ್ರಿ ಕಳೆಯುವ ಹಕ್ಕು ಅದರಲ್ಲಿಲ್ಲ.

ಜೋಯಿಡಾ ತಾಲೂಕಿನ ದೊಡ್ಡ ಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ. 2007ರಲ್ಲಿ ಅಣಶಿ-ದಾಂಡೇಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿಯ ಹೆಸರು ಪಡೆದದ್ದು ಇದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಹೊರಗಿನವರಿಗೆ ಅನುಮತಿಯಿಲ್ಲದೆ ಪ್ರವೇಶವೇ ಇಲ್ಲ. ಹೆದ್ದಾರಿಯಲ್ಲಿ ಹಾದುಹೋಗುವುದು ಬೇರೆ, ಬದಿಯಲ್ಲಿ ಚಪ್ಪರ ಬಿಚ್ಚಿ ಒಲೆ ಹಚ್ಚುವುದು ಬೇರೆ. ಸೂಪಾ ಹಿನ್ನೀರಿನ ದಂಡೆ ಎಷ್ಟೇ ಕೈಬೀಸಿ ಕರೆದರೂ ಅದಕ್ಕೂ ವಾರಸುದಾರರಿದ್ದಾರೆ. ಮುಂಡಗೋಡದ ಟಿಬೆಟನ್ ಕಾಲೊನಿಯ ಮಠಗಳನ್ನು ನೋಡಿಕೊಂಡು ಅಲ್ಲೇ ತಂಗೋಣ ಎನ್ನುವ ವಿದೇಶಿಯರಿಗೆ ಕೇಂದ್ರದ ಸಂರಕ್ಷಿತ ಪ್ರದೇಶ ಪರವಾನಗಿ ಬೇಕು. ಗಾಡಿಯೊಳಗೇ ಮಲಗುತ್ತೇನೆ ಎಂದರೂ ವಿನಾಯಿತಿ ಸಿಗದು.

ಯಾವ ನಮೂನೆಯಲ್ಲೂ ಕಲಂ ಇಲ್ಲದ ಇನ್ನೊಂದು ಸಂಗತಿ ಶೌಚದ ಟಾಕಿ. ಎರಡು-ಮೂರು ದಿನಕ್ಕೊಮ್ಮೆ ಅದು ತುಂಬುತ್ತದೆ. ಕ್ಯಾರವಾನ್ ಸಂಸ್ಕೃತಿ ಬೇರೂರಿದ ದೇಶಗಳಲ್ಲಿ ಪೆಟ್ರೋಲ್ ಬಂಕಿನಲ್ಲೋ ಕ್ಯಾಂಪಿನಲ್ಲೋ ಅದನ್ನು ಖಾಲಿ ಮಾಡುವ ಕಟ್ಟೆ ಇರುತ್ತದೆ. ನಮ್ಮ ಕಡೆ ಹಾಗಲ್ಲ, ಕತ್ತಲಾದ ಮೇಲೆ ಹಳ್ಳದ ದಂಡೆಯಲ್ಲಿ ನಳ ತಿರುಗಿಸುವವರನ್ನು ಹಿಡಿಯುವುದು ಬ್ರೇಕ್ ಇನ್‌ಸ್ಪೆಕ್ಟರ ಕೆಲಸವಲ್ಲ. ಆ ಹಳ್ಳ ಸೇರುವುದು ಕಾಳಿಯನ್ನೇ. ಪಾಸಿಂಗ್‌ನ ನಿಯಮ ಬರೆದವರು ಒಲೆಯಿಂದ ಹಿಡಿದು ಕಪಾಟಿನವರೆಗೆ ಯೋಚಿಸಿದರು, ಇದೊಂದನ್ನು ಸ್ಥಳೀಯ ಸಂಸ್ಥೆಗಳ ತಲೆಗೆ ಬಿಟ್ಟರು.

ಹಾಗೆ ನೋಡಿದರೆ ಈ ನಾಲ್ಕು ತಾಲೂಕಿನವರಿಗೆ ಲಾಭವಿರುವುದು ಕ್ಯಾರವಾನ್ ಕೊಳ್ಳುವುದರಲ್ಲೋ, ಬರುವ ಕ್ಯಾರವಾನ್‌ಗಳಿಗೆ ಅಂಗಳ ಕೊಡುವುದರಲ್ಲೋ? ಸಮತಟ್ಟಾದ ನಾಲ್ಕು ಗುಂಟೆ ಜಾಗ, ನೀರಿನ ನಳ, ಕರೆಂಟಿನ ಪ್ಲಗ್ಗು, ಸರಿಯಾಗಿ ಕಟ್ಟಿಸಿದ ಸೆಪ್ಟಿಕ್ ಟ್ಯಾಂಕಿಗೊಂದು ಪೈಪು. ಹೋಮ್‌ಸ್ಟೇ ಅನುಮತಿ ಇದ್ದವರ ಹಿತ್ತಿಲಲ್ಲಿ ಇದರಲ್ಲಿ ಮುಕ್ಕಾಲು ಪಾಲು ಈಗಲೇ ಇದೆ. ಉಳಿದ ಕಾಲು ಪಾಲಿಗೆ ಆಗುವ ಖರ್ಚು ಒಂದು ಚಾಸಿಯ ಬೆಲೆಯ ಹತ್ತಿರಕ್ಕೂ ಬಾರದು, ಅದಕ್ಕೆ ಪುಣೆಯ ಪ್ರಮಾಣಪತ್ರವೂ ಬೇಡ. ಗ್ರಾಮ ಪಂಚಾಯಿತಿಯಲ್ಲಿ ಕೇಳಿದರಾಯಿತು.